ಆರನೇ ಭಾಗದ ಜೇಸನ್ ಮೇಲೆ ನನಗ್ಯಾಕಿಷ್ಟು ಪ್ರೀತಿ

ಗೆಳೆಯಾ,

ಮುಖವಾಡ ಹಾಕಿಕೊಂಡು ಮಚ್ಚು ಹಿಡಿದು ಓಡಾಡುವವನ ಸಿನಿಮಾದಲ್ಲಿ ಅಂಥದ್ದೇನಿದೆ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಕೂತು ಬರೆಯುವಷ್ಟಿದೆ ಮಾರಾಯ. ಅವನ ಹೆಸರು ಜೇಸನ್, ಕಾಡಿನ ಬೇಸಿಗೆ ಶಿಬಿರದ ಸುತ್ತ ಕೊಲೆ ಮಾಡುತ್ತಾ ಹೋಗುವವನು. ಅದರಲ್ಲೂ ಅವನಿರುವ ‘ಫ್ರೈಡೇ ದ ಥರ್ಟೀಂತ್’ ಎಂಬ ಅಮೆರಿಕನ್ ಭಯದ ಸಿನಿಮಾ ಸರಣಿಯ ಆರನೇ ಭಾಗ, 1986ರ ‘ಜೇಸನ್ ಲಿವ್ಸ್’ ಬಗ್ಗೆ.

1980ರ ಮೊದಲ ಚಿತ್ರದಲ್ಲಿ ಕೊಲೆ ಮಾಡಿದ್ದು ಜೇಸನ್ ಅಲ್ಲವೇ ಅಲ್ಲ, ಅವನ ತಾಯಿ. ಹಾಕಿ ಗೋಲ್‌ಕೀಪರಿನ ಆ ಬಿಳಿ ಮುಖವಾಡ ಅವನ ಮುಖಕ್ಕೆ ಬಂದದ್ದು 1982ರ ಮೂರನೇ ಭಾಗದಲ್ಲಿ. 1984ರಲ್ಲಿ ಇದೇ ಕೊನೆಯ ಅಧ್ಯಾಯ ಅಂತ ಸಾರಿ, ಟಾಮಿ ಎಂಬ ಪುಟ್ಟ ಹುಡುಗನ ಕೈಯಲ್ಲಿ ಅವನನ್ನು ಕೊಲ್ಲಿಸಿದರು. ಮರುವರ್ಷವೇ ಐದನೇದು ಬಂತು. ಅಲ್ಲಿ ಮುಖವಾಡದ ಹಿಂದಿದ್ದವನು ಬೇರೆ ಯಾರೋ! ಇಷ್ಟಾದ ಮೇಲೆ ಕಥೆ ಟಾಮ್ ಮೆಕ್‌ಲಾಫ್ಲಿನ್ ಕೈಗೆ ಬಂತು. ಬರೆದದ್ದೂ ಅವರೇ, ನಿರ್ದೇಶಿಸಿದ್ದೂ ಅವರೇ.

ಅವರು ಸತ್ತವನನ್ನು ಎಬ್ಬಿಸಿದ ಬಗೆ ನೋಡು. ದೊಡ್ಡವನಾದ ಟಾಮಿ, ಹೆಣ ಸುಟ್ಟು ನಿಶ್ಚಿಂತನಾಗೋಣ ಅಂತ ಮೋಡ ಕವಿದ ರಾತ್ರಿ ಗೋರಿ ಅಗೆಯುತ್ತಾನೆ. ಹೆಣ ಕಂಡದ್ದೇ ಸಿಟ್ಟು ತಡೆಯಲಾರದೆ ಬೇಲಿಯ ಕಬ್ಬಿಣದ ಸರಳು ಕಿತ್ತು ಎದೆಗೆ ಚುಚ್ಚುತ್ತಾನೆ. ಆ ಸರಳಿಗೆ ಸಿಡಿಲು ಬಡಿಯುತ್ತದೆ. ಅಷ್ಟೇ, ಜೇಸನ್ ಎದ್ದ! ಮಿಂಚಿನಿಂದ ಹೆಣಕ್ಕೆ ಜೀವ ತುಂಬುವ ಹಳೇ ಫ್ರಾಂಕನ್‌ಸ್ಟೈನ್ ಚಿತ್ರಗಳ ಮೇಲಿನ ಪ್ರೀತಿ ಇಲ್ಲಿ ಎದ್ದು ಕಾಣುತ್ತದೆ. ಊರಿನ ಅಂಗಡಿಗೂ ಕಾರ್ಲಾಫ್ ಅಂತ, ಆ ಚಿತ್ರಗಳಲ್ಲಿ ರಾಕ್ಷಸನಾಗಿದ್ದ ನಟ ಬೋರಿಸ್ ಕಾರ್ಲಾಫ್ ಹೆಸರೇ. ಇದರ ಬೆನ್ನಿಗೇ ಜೇಮ್ಸ್ ಬಾಂಡ್ ಚಿತ್ರಗಳ ಆರಂಭದಲ್ಲಿ ಬರುವ ಹಾಗೆ ಜೇಸನ್ ಪರದೆಯ ನಡುವೆ ನಡೆದು ಬಂದು ನಮ್ಮ ಕಡೆ ತಿರುಗಿ ಮಚ್ಚು ಬೀಸುತ್ತಾನೆ. ಅಗ್ಗದ ಗಿಮಿಕ್ಕು ಅಂತ ನೀನು ಅನ್ನಬಹುದು. ನನಗೆ ಮಾತ್ರ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ನಗು ತುಂಬಾ ಇದೆ, ಆದರೆ ಯಾರನ್ನೂ ಕೀಳಾಗಿ ಕಾಣುವ ನಗುವಲ್ಲ. ಕಾಡುದಾರಿಯಲ್ಲಿ ಕಾರಿಗೆ ಅಡ್ಡ ನಿಂತ ಜೇಸನ್‌ನನ್ನು ನೋಡಿ ಒಬ್ಬಳು, ಭಯದ ಸಿನಿಮಾ ಸಾಕಷ್ಟು ನೋಡಿದ್ದೀನಿ, ಮುಖವಾಡ ಹಾಕಿಕೊಂಡವನು ಒಳ್ಳೆಯವನಾಗಿರೋಲ್ಲ ಅಂತಾಳೆ. ಆ ಪಾತ್ರ ಮಾಡಿದವರು ನಿರ್ದೇಶಕರ ಹೆಂಡತಿ ನ್ಯಾನ್ಸಿ. ಸಿನಿಮಾದೊಳಗಿನವರಿಗೇ ಸಿನಿಮಾದ ನಿಯಮ ಗೊತ್ತಿರುವ ಈ ಆಟವನ್ನು 1996ರಲ್ಲಿ ‘ಸ್ಕ್ರೀಮ್’ ಆಡಿ ದೊಡ್ಡ ಹೆಸರು ಮಾಡಿತು. ಇಲ್ಲಿ ಅದು ಹತ್ತು ವರ್ಷ ಮೊದಲೇ ಇದೆ, ಹೇಳುವವರು ಕಮ್ಮಿ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಮಕ್ಕಳು. ಹಿಂದಿನ ಭಾಗಗಳಲ್ಲಿ ಬೇಸಿಗೆ ಶಿಬಿರ ಅನ್ನೋದು ಬಹುಪಾಲು ಹೆಸರಿಗಷ್ಟೇ. ಸಾಯೋಕಂತಲೇ ಬಂದ ಹದಿಹರೆಯದವರು ತುಂಬಿರುತ್ತಿದ್ದರು. ಇಲ್ಲಿ ನಿಜವಾಗಿಯೂ ಪುಟ್ಟ ಮಕ್ಕಳು ಬಂದಿಳಿಯುತ್ತಾರೆ. ಕೆಟ್ಟ ಕನಸು ಕಂಡು ಎದ್ದ ಹುಡುಗಿಯನ್ನು ಪೌಲಾ ಎಂಬ ಕೌನ್ಸೆಲರ್ ಎಷ್ಟು ಅಕ್ಕರೆಯಿಂದ ಸಮಾಧಾನ ಮಾಡುತ್ತಾಳೆ ಅಂದರೆ, ಅವಳಿಗೇನೂ ಆಗದಿರಲಿ ಅಂತ ನಾವೇ ಬೇಡಿಕೊಳ್ಳುತ್ತೇವೆ. ಆಮೇಲೆ ಮಕ್ಕಳು ಮಲಗಿರುವ ಕೋಣೆಗೇ ಜೇಸನ್ ಬರುತ್ತಾನೆ. ಆ ಹುಡುಗಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ, ಅವನು ಎದುರಿಗೇ ನಿಂತಿದ್ದಾನೆ. ಆ ದೃಶ್ಯದಲ್ಲಿ ರಕ್ತವಿಲ್ಲ, ಆದರೂ ಸರಣಿಯಲ್ಲಿ ನನ್ನನ್ನು ಇಷ್ಟು ಹೆದರಿಸಿದ ದೃಶ್ಯ ಇನ್ನೊಂದಿಲ್ಲ. ಇನ್ನೊಂದು ಕಡೆ ಮಂಚದಡಿ ಅಡಗಿದ ಹುಡುಗ ಪಕ್ಕದವನನ್ನು ಕೇಳುತ್ತಾನೆ: ದೊಡ್ಡವನಾದ ಮೇಲೆ ಏನಾಗಬೇಕು ಅಂತಿದ್ದೆ? ಆ ‘ಅಂತಿದ್ದೆ’ಗೆ ನಗು ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ಊರಿನ ಪೊಲೀಸ್ ಮುಖ್ಯಸ್ಥ ಶೆರಿಫ್ ಗ್ಯಾರಿಸ್‌ನನ್ನೂ ಮರೆಯಬೇಡ. ಟಾಮಿಯ ಮಾತನ್ನು ಕೊನೆಯವರೆಗೂ ನಂಬದ ಹಟಮಾರಿ, ಕೊನೆಗೆ ಮಗಳು ಮೇಗನ್‌ನನ್ನು ಉಳಿಸೋಕೆ ಜೇಸನ್ ಮೇಲೆ ಬೀಳುತ್ತಾನೆ. ಹೀಗೆ ಸಾಯುವವರೆಲ್ಲ ಮನುಷ್ಯರೇ ಅಂತ ಮೆಕ್‌ಲಾಫ್ಲಿನ್ ನಂಬಿ ಬರೆದಿದ್ದಾರೆ. ಕೊಲೆಗಳ ಲೆಕ್ಕವಷ್ಟೇ ನೋಡುವ ಬೇರೆ ಭಾಗಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ.

ಉಳಿದದ್ದೂ ಸೊಗಸಾಗಿದೆ. ಸಿ.ಜೆ. ಗ್ರಹಾಂ ಅವರ ಜೇಸನ್ ಓಡುವುದಿಲ್ಲ, ಗಡಿಬಿಡಿಯಿಲ್ಲದೆ ನೆಟ್ಟಗೆ ನಡೆಯುತ್ತಾನೆ. ಮಗುಚಿ ಬಿದ್ದು ಉರಿಯುವ ಗಾಡಿಯ ಮೇಲೆ ಅವನು ಹತ್ತಿ ನಿಲ್ಲುವ ಆ ಒಂದು ಚಿತ್ರಕ್ಕೇ ಟಿಕೆಟ್ಟಿನ ದುಡ್ಡು ಕೊಡಬಹುದು. ರಾಕ್ ಗಾಯಕ ಆಲಿಸ್ ಕೂಪರ್ ಹಾಡಂತೂ ಎಂಬತ್ತರ ದಶಕದ ಸಿಂಥಸೈಸರ್ ಸದ್ದು ಇಷ್ಟಪಡುವ ನಿನಗೆ ಹಿಡಿಸಿಯೇ ಹಿಡಿಸುತ್ತದೆ.

ನೋಡುವುದಾದರೆ ಒಂದರಿಂದ ಶುರು ಮಾಡಿ ಸುಸ್ತಾಗಬೇಡ. ನಾಲ್ಕನೇದು ನೋಡು, ಐದನ್ನು ಬಿಡು, ನೇರ ಆರಕ್ಕೆ ಬಾ. ಮುಗಿದ ಕೂಡಲೇ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ. ಪೌಲಾ ಬಗ್ಗೆ ನಿನ್ನ ಹತ್ತಿರ ಮಾತಾಡೋದಿದೆ.

ನಿನ್ನ
ಗೆಳೆಯ