25 ಪಟ್ಟು ದೊಡ್ಡದಾಗಿ ಕಂಡರೆ ಎಲ್ಕ್ ಹತ್ತಿರ ಬರುತ್ತದಾ?

ಚಿ. ಸುಹಾಸನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಬೆಳಗಿನ ಹೊತ್ತು ಆಗಲೇ ಸ್ವೆಟರ್ ಬೇಕಾಗುತ್ತಿದೆ. ನೀನು ಕಳಿಸಿದ, ರೈಫಲ್ ಮೇಲೆ ಕೂರಿಸುವ ದುರ್ಬೀನುಗಳ, ಅಂದರೆ ಸ್ಕೋಪ್‌ಗಳ ಪಟ್ಟಿ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಸರಿ ಚಿಕ್ಕಪ್ಪ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಪಟ್ಟಿಯ ಮೊದಲನೆಯದೇ 5-25×56. ಅಂದರೆ ಐದರಿಂದ ಇಪ್ಪತ್ತೈದು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 56 ಮಿಲಿಮೀಟರ್. ಅಕ್ಟೋಬರಿನ ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಬೇಟೆಗೂ ಇದೇ, ನ್ಯೂ ಮೆಕ್ಸಿಕೋದ ರಟೋನ್‌ಗೆ ಹೋಗಿ ಸಾವಿರ ಗಜ ದೂರದ ಗುರಿಗೆ ಹೊಡೆಯುವುದಕ್ಕೂ ಇದೇ ಎಂದು ಬರೆದಿದ್ದೀಯ. ಎಡವಟ್ಟು ಇರುವುದೇ ಅಲ್ಲಿ. ಇವು ಎರಡು ಬೇರೆ ಕೆಲಸ, ಎರಡಕ್ಕೂ ಬೇರೆ ಸ್ಕೋಪ್ ಬೇಕು. ಈ ವರ್ಷ ಒಂದೇ ಕೊಳ್ಳುವ ಶಕ್ತಿ ಇದ್ದರೆ ಬೇಟೆಯದನ್ನು ಕೊಳ್ಳು. ರಟೋನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಊರಿನಲ್ಲಿ ತಾತನ ಜೋಡುನಳಿಗೆ ಕೋವಿಗೆ ಸ್ಕೋಪ್ ಎಂಬುದೇ ಇರಲಿಲ್ಲ. ಕಾಫಿ ತೋಟದಲ್ಲಿ ಮೂವತ್ತು ನಲವತ್ತು ಗಜದ ಆಚೆ ಏನೂ ಕಾಣುವುದಿಲ್ಲ, ಕಣ್ಣಳತೆಯೇ ಸಾಕಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತೂ ನಿಂತಿತು. ಹಾಗಾಗಿ ಮನೆಯಲ್ಲಿ ಕೇಳಿದ ಕತೆಗಳು ನಿನಗೆ ಇಲ್ಲಿ ಜಾಸ್ತಿ ನೆರವಿಗೆ ಬರುವುದಿಲ್ಲ.

ಮೊದಲು ಬೆಳಕಿನ ವಿಷಯ. ಕೊಲೊರಾಡೊದಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ, ಮುಳುಗಿದ ಅರ್ಧ ಗಂಟೆ ನಂತರದವರೆಗೆ ಹೊಡೆಯಲು ಕಾನೂನಿನ ಒಪ್ಪಿಗೆ ಇದೆ. ಎಲ್ಕ್ ಮೇಯಲು ಬಯಲಿಗೆ ಬರುವುದು ಹೆಚ್ಚಾಗಿ ಆ ಎರಡು ತುದಿಗಳಲ್ಲೇ. ಮಧ್ಯಾಹ್ನ ದಟ್ಟ ಮರಗಳ ನೆರಳಿನಲ್ಲಿ ಮಲಗಿರುತ್ತವೆ. ಅಂದರೆ ನಿನ್ನ ಸ್ಕೋಪ್‌ಗೆ ನಿಜವಾದ ಪರೀಕ್ಷೆ ಮಬ್ಬಿನಲ್ಲಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಸಾವಿರ ಡಾಲರಿನದೂ ಚೆನ್ನಾಗಿ ಕಾಣುತ್ತದೆ, ಇನ್ನೂರು ಡಾಲರಿನದೂ ಚೆನ್ನಾಗಿಯೇ ಕಾಣುತ್ತದೆ.

ಒಂದು ಸಣ್ಣ ಲೆಕ್ಕ ಕಲಿತುಕೋ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸು. ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. ಅದಕ್ಕೆ ಎಕ್ಸಿಟ್ ಪ್ಯೂಪಿಲ್ ಅನ್ನುತ್ತಾರೆ. ಸ್ಕೋಪನ್ನು ಒಂದಡಿ ದೂರ ಹಿಡಿದು ಆಕಾಶದ ಕಡೆ ತಿರುಗಿಸಿದರೆ ಹಿಂದಿನ ಗಾಜಿನಲ್ಲಿ ಒಂದು ಬೆಳ್ಳನೆ ಚುಕ್ಕಿ ಕಾಣುತ್ತದಲ್ಲ, ಅದೇ. ರೈಫಲಿಗೆ ಕೂರಿಸುವ ಮೊದಲು ಇದನ್ನು ನೋಡು. ಪಟ್ಟು ಏರಿಸುತ್ತಾ ಹೋದ ಹಾಗೆ ಚುಕ್ಕಿ ಕುಗ್ಗುತ್ತದೆ. 56 ಅನ್ನು 25ರಿಂದ ಭಾಗಿಸಿದರೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. 40 ಅನ್ನು 6ರಿಂದ ಭಾಗಿಸಿದರೆ ಆರೂಮುಕ್ಕಾಲಿನ ಹತ್ತಿರ. ಕತ್ತಲಲ್ಲಿ ಹುಡುಗರ ಕಣ್ಣಿನ ಪಾಪೆ ಏಳು ಮಿಲಿಮೀಟರ್‌ವರೆಗೂ ಅರಳುತ್ತದೆ, ನನ್ನ ವಯಸ್ಸಿನವರದು ಐದಕ್ಕೆ ಸುಸ್ತು. ಎರಡು ಮಿಲಿಮೀಟರಿನ ಕಂಬ ನಿನ್ನ ಏಳು ಮಿಲಿಮೀಟರಿನ ಪಾಪೆಗೆ ಯಾತಕ್ಕೂ ಸಾಲದು. ಜೊತೆಗೆ ಕಣ್ಣು ಕೂದಲೆಳೆಯಷ್ಟು ಆಚೀಚೆ ಆದರೂ ಚಿತ್ರವೇ ಕಪ್ಪಾಗುತ್ತದೆ. ಗುಡ್ಡ ಹತ್ತಿ ಏದುಸಿರು ಬಿಡುತ್ತಾ ರೈಫಲ್ ಎತ್ತಿದಾಗ ಕಣ್ಣು ಒಂದು ಕಡೆ ನಿಲ್ಲುತ್ತದಾ?

"ಹಾಗಾದರೆ ಐದಕ್ಕೆ ಇಳಿಸಿಕೊಳ್ಳುತ್ತೇನೆ, ಬೆಳಕು ಧಾರಾಳ ಬರುತ್ತದೆ" ಎಂದು ನೀನು ವಾದ ಮಾಡುತ್ತೀಯ. ಬರುತ್ತದೆ, ಸುಳ್ಳಲ್ಲ. ಆದರೆ ನೀನು ಆರಿಸಿರುವುದು ಫಸ್ಟ್ ಫೋಕಲ್ ಪ್ಲೇನ್ ಮಾದರಿ. ಅದರಲ್ಲಿ ಪಟ್ಟು ಏರಿಸಿದರೆ ರೆಟಿಕಲ್ (ಗುರಿಯಿಡುವ ಅಡ್ಡ-ಉದ್ದ ಗೆರೆಗಳು) ಕೂಡ ದಪ್ಪಗಾಗುತ್ತದೆ, ಇಳಿಸಿದರೆ ತೆಳ್ಳಗಾಗುತ್ತದೆ. 25ರಲ್ಲಿ ಕಣ್ಣಿಗೆ ಕಾಣುವ ಗೆರೆ ಐದಕ್ಕೆ ಇಳಿಸಿದಾಗ ಅದರ ಐದನೇ ಒಂದು ಭಾಗ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆಗಿದೆ, ಕಂದು ಬಣ್ಣದ ಎಲ್ಕ್ ಕಪ್ಪು ಮರಗಳ ಮುಂದೆ ನಿಂತಿದೆ. ಜೇಡನ ಎಳೆಯಂಥ ಗೆರೆಯನ್ನು ಅದರ ಭುಜದ ಮೇಲೆ ಎಲ್ಲಿ ಅಂತ ಹುಡುಕುತ್ತೀಯ? ದೀಪ ಹತ್ತುವ ರೆಟಿಕಲ್ ಇದ್ದರೆ ಒಂದಿಷ್ಟು ಪರವಾಗಿಲ್ಲ. ಆ ಬ್ಯಾಟರಿ ಚಳಿಯಲ್ಲೇ ಕೈಕೊಡುತ್ತದೆ.

ಬೇಟೆಗೆ ಸೆಕೆಂಡ್ ಫೋಕಲ್ ಪ್ಲೇನ್ ಸಾಕು. ಅದರಲ್ಲಿ ಪಟ್ಟು ಎಷ್ಟೇ ಇರಲಿ, ಗೆರೆಯ ದಪ್ಪ ಕಣ್ಣಿಗೆ ಒಂದೇ. ಲ್ಯೂಪೋಲ್ಡ್‌ನವರು 1962ರಲ್ಲಿ ತಂದ ಡ್ಯೂಪ್ಲೆಕ್ಸ್ ಮಾದರಿ ಇದೆಯಲ್ಲ, ಹೊರಗೆ ದಪ್ಪ ಗೆರೆ, ನಡುವೆ ಸಣ್ಣ ಗೆರೆ, ಅದಕ್ಕೆ ಇವತ್ತಿಗೂ ಮರ್ಯಾದೆ ಹೋಗಿಲ್ಲ. ಮಬ್ಬಿನಲ್ಲಿ ನಡುವಿನ ಸಣ್ಣ ಗೆರೆ ಮಾಯವಾದರೂ ನಾಲ್ಕು ದಪ್ಪ ಗೆರೆಗಳು ಕಣ್ಣನ್ನು ನಡುವಿಗೆ ತಂದು ನಿಲ್ಲಿಸುತ್ತವೆ. ಸೆಕೆಂಡ್ ಫೋಕಲ್‌ನಲ್ಲಿ ಒಂದು ಎಚ್ಚರ: ರೆಟಿಕಲ್ ಮೇಲೆ ದೂರದ ಗುರುತುಗಳಿದ್ದರೆ ಅವುಗಳ ಅಳತೆ ಯಾವುದೋ ಒಂದೇ ಪಟ್ಟಿನಲ್ಲಿ ಸರಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ.

ಇನ್ನು ಎಷ್ಟು ಅಗಲಕ್ಕೆ ಕಾಣುತ್ತದೆ ಎಂಬ ಮಾತು. ನೂರು ಗಜದಲ್ಲಿ ಮೂರು ಪಟ್ಟಿಗೆ ಮೂವತ್ತಡಿಗಿಂತ ಜಾಸ್ತಿ ಅಗಲ ಕಾಣುತ್ತದೆ. 25 ಪಟ್ಟಿಗೆ ಐದಡಿಯ ಆಸುಪಾಸು. ಎಲ್ಕ್ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ, ಮೂಗಿನಿಂದ ಬಾಲಕ್ಕೆ ಎಂಟಡಿ ಬರುತ್ತದೆ. ಕಾಡಿನೊಳಗೆ ಅರವತ್ತು ಗಜದಲ್ಲಿ ದಢಾರನೆ ಎದ್ದರೆ 25 ಪಟ್ಟಿನಲ್ಲಿ ನಿನಗೆ ಕಾಣುವುದು ಬರೀ ಕೂದಲು. ಮುಂಗಾಲೋ ಹಿಂಗಾಲೋ ತಿಳಿಯುವುದಿಲ್ಲ. ಹಿಂದೊಮ್ಮೆ ನಮ್ಮ ಜೊತೆ ಬಂದಿದ್ದ ಒಬ್ಬ ಗೆಳೆಯ ಸ್ಕೋಪನ್ನು ಬೆಳಗ್ಗೆಯಿಂದ 20ರಲ್ಲೇ ಬಿಟ್ಟಿದ್ದ. ಗಂಡು ಎಲ್ಕ್ ಬಯಲಿನಲ್ಲಿ ಅಡ್ಡ ನಿಂತಿತ್ತು, ನಮಗೆಲ್ಲ ಬರಿಗಣ್ಣಿಗೆ ಕಾಣುತ್ತಿತ್ತು. ಇವನೊಬ್ಬ ಸ್ಕೋಪಿನೊಳಗೆ ಹುಲ್ಲು, ಕಲ್ಲು, ಆಕಾಶ ಎಲ್ಲ ಸುತ್ತಿ ಬರುವುದರೊಳಗೆ ಅದು ನಿಧಾನಕ್ಕೆ ನಡೆದುಕೊಂಡೇ ಹೋಯಿತು. ನಡೆಯುವಾಗ ಪಟ್ಟು ಯಾವತ್ತೂ ಅತಿ ಕಡಿಮೆಯಲ್ಲಿರಲಿ. ದೂರದ್ದು ಕಂಡರೆ ಏರಿಸಿಕೊಳ್ಳಲು ಸಮಯ ಇದ್ದೇ ಇರುತ್ತದೆ.

ತೂಕವನ್ನೂ ನೋಡು. ಒಳ್ಳೆಯ 3-9×40 ನಾನೂರು ಗ್ರಾಂ ಸುತ್ತಮುತ್ತ. ನಿನ್ನ 5-25 ಅದರ ಎರಡು ಪಟ್ಟು ದಾಟುತ್ತದೆ. ಒಂಬತ್ತು ಹತ್ತು ಸಾವಿರ ಅಡಿ ಎತ್ತರದಲ್ಲಿ ಹೆಗಲ ಮೇಲಿನ ಅರ್ಧ ಕಿಲೋ ಮಧ್ಯಾಹ್ನದ ಹೊತ್ತಿಗೆ ಐದು ಕಿಲೋ ಆಗಿರುತ್ತದೆ.

ಹಾಗಾದರೆ ಎಷ್ಟು ಬೇಕು? ನಿನ್ನದು .30-06 ತೋಟಾದ ರೈಫಲ್. 180 ಗ್ರೇನ್ ತೂಕದ ಗುಂಡನ್ನು 200 ಗಜಕ್ಕೆ ಸರಿ ಮಾಡಿಟ್ಟರೆ 300 ಗಜದಲ್ಲಿ ಎಂಟು ಇಂಚಿನಷ್ಟು ಕೆಳಗೆ ಬೀಳುತ್ತದೆ. 400ರಲ್ಲಿ ಎರಡಡಿ ಹತ್ತಿರ, 500ರಲ್ಲಿ ನಾಲ್ಕಡಿ ಹತ್ತಿರ. ಇದು ಲೆಕ್ಕಕ್ಕೆ ಸಿಗುವ ಭಾಗ. ಗಾಳಿ ಸಿಗುವುದಿಲ್ಲ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 300 ಗಜದಲ್ಲಿ ಗುಂಡನ್ನು ಆರೇಳು ಇಂಚು ತಳ್ಳಿದರೆ 500ರಲ್ಲಿ ಇಪ್ಪತ್ತು ಇಂಚು ತಳ್ಳುತ್ತದೆ. ಎಲ್ಕ್‌ನ ಎದೆಗೂಡಿನ ಗುರಿ ಒಂದೂಕಾಲಡಿ ಇದ್ದರೆ ಹೆಚ್ಚು. ಕಣಿವೆಯಲ್ಲಿ ಈ ಬದಿ ಗಾಳಿ ಎಡಕ್ಕೆ ಬೀಸಿದರೆ ಆ ಬದಿ ಬಲಕ್ಕೆ ಬೀಸುತ್ತಿರುತ್ತದೆ. ಮೇಲಾಗಿ 500 ಗಜ ಹೋಗಲು ಗುಂಡಿಗೆ ಮುಕ್ಕಾಲು ಸೆಕೆಂಡಿನ ಹತ್ತಿರ ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಎದೆಗೆ ಹೋಗಬೇಕಾದ್ದು ಹೊಟ್ಟೆಗೆ ಹೋಗುತ್ತದೆ. ಇಪ್ಪತ್ತೈದಲ್ಲ, ಐವತ್ತು ಪಟ್ಟಿನ ಸ್ಕೋಪ್ ಹಾಕಿದರೂ ಇದರಲ್ಲಿ ಒಂದೂ ಬದಲಾಗುವುದಿಲ್ಲ. ಹೊಸಬನಾದ ನಿನಗೆ ನಾನು 250 ಗಜದ ಗೆರೆ ಹಾಕುತ್ತೇನೆ, ಅದೂ ಒರಗಿಕೊಳ್ಳಲು ಏನಾದರೂ ಇದ್ದರೆ. ಆ ದೂರಕ್ಕೆ ಒಂಬತ್ತು ಪಟ್ಟು ಧಾರಾಳ.

ಥಿಯೋಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಎಂಬ ಬೇಟೆಗಾರರ ಕ್ಲಬ್ ಕೂಡ ಅತಿ ದೂರದ ಬೇಟೆಯನ್ನು ಒಪ್ಪುವುದಿಲ್ಲ. ಪ್ರಾಣಿಗೆ ವಾಸನೆ, ಸದ್ದು ಹಿಡಿದು ತಪ್ಪಿಸಿಕೊಳ್ಳುವ ಅವಕಾಶವೇ ಇಲ್ಲದಂತೆ ಮಾಡುವುದು ನ್ಯಾಯ ಅಲ್ಲ ಎಂಬುದು ಅವರ ನಿಲುವು. ನನಗೂ ಅದೇ ಸರಿ ಅನ್ನಿಸುತ್ತದೆ. ಗುರಿಗೆಂದು ಇಟ್ಟ ಕಬ್ಬಿಣದ ತಟ್ಟೆಗೆ ತಪ್ಪಿ ಹೊಡೆದರೆ ಧೂಳು ಏಳುತ್ತದೆ, ಅಷ್ಟೇ. ಎಲ್ಕ್‌ಗೆ ಅರೆಬರೆ ತಾಗಿದರೆ ಕತ್ತಲಲ್ಲಿ ರಕ್ತದ ಜಾಡು ಹಿಡಿದು ನೀನೇ ಅಲೆಯಬೇಕು.

ಬೇಟೆಯ ಸ್ಕೋಪಿನಲ್ಲಿ ನಾನು ಕೇಳುವುದು ಇಷ್ಟು. 3-9×40 ಇಲ್ಲವೇ 2-10×42. ಗುರಿಯನ್ನು ಮೇಲೆ ಕೆಳಗೆ, ಪಕ್ಕಕ್ಕೆ ಸರಿಸುವ ತಿರುಗಣೆಗೆ, ಅಂದರೆ ಟರೆಟ್‌ಗೆ, ಮುಚ್ಚಳ ಇರಲಿ. ತೆರೆದ ಟರೆಟ್ ಪೊದೆಗೆ, ಚೀಲಕ್ಕೆ ಉಜ್ಜಿ ತಾನಾಗಿಯೇ ತಿರುಗಿರುತ್ತದೆ, ನಿನಗೆ ಗೊತ್ತೂ ಆಗಿರುವುದಿಲ್ಲ. ಕಣ್ಣಿಗೂ ಸ್ಕೋಪಿಗೂ ನಡುವೆ ಮೂರೂವರೆಯಿಂದ ನಾಲ್ಕು ಇಂಚು ಜಾಗ ಬಿಟ್ಟೂ ಪೂರ್ತಿ ಚಿತ್ರ ಕಾಣಬೇಕು. ಇಲ್ಲದಿದ್ದರೆ ಮೇಲ್ಮುಖವಾಗಿ ಹೊಡೆದ ದಿನ ಹುಬ್ಬು ಸೀಳುತ್ತದೆ. ಇಲ್ಲಿನ ಹಳೇ ಬೇಟೆಗಾರರಲ್ಲಿ ಎಷ್ಟೋ ಜನರ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ನೋಡಿದ್ದೇನೆ. ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿರಬೇಕು, ಆಗ ಒಳಗಿನ ಗಾಜು ಮಂಜಾಗುವುದಿಲ್ಲ. ಹೊರಗಿನ ಗಾಜು ಮಂಜಾಗುವುದು ನಿನ್ನ ಉಸಿರಿನಿಂದ, ಅದಕ್ಕೆ ಕಂಪನಿ ಏನೂ ಮಾಡಲಾಗದು. ದಪ್ಪ ಟ್ಯೂಬ್ ಇದ್ದರೆ ಬೆಳಕು ಜಾಸ್ತಿ ಎಂದು ಅಂಗಡಿಯವನು ಹೇಳಿದರೆ ನಕ್ಕು ಸುಮ್ನಿರು. 30, 34 ಮಿಲಿಮೀಟರ್ ಟ್ಯೂಬಿನಿಂದ ಸಿಗುವುದು ಮೇಲೆ ಕೆಳಗೆ ತಿರುಗಿಸಲು ಜಾಸ್ತಿ ಜಾಗ, ಬೆಳಕಲ್ಲ.

ಹಣದ ವಿಷಯ. ಲ್ಯೂಪೋಲ್ಡ್, ವೋರ್ಟೆಕ್ಸ್‌ನ ನಡುವಿನ ದರ್ಜೆಯವು ನಿನಗೆ ಸಾಕು. ಜೈಸ್, ಸ್ವರೋವ್‌ಸ್ಕಿ ಗಾಜು ಸೊಗಸು, ಒಪ್ಪುತ್ತೇನೆ. ಆದರೆ ಆ ಹಣದಲ್ಲಿ ಮೊದಲು ಒಂದು 10×42 ಬೈನಾಕ್ಯುಲರ್, ದೂರ ಅಳೆಯುವ ಒಂದು ಲೇಸರ್ ರೇಂಜ್‌ಫೈಂಡರ್ ತೆಗೆದುಕೋ. ದಿನವಿಡೀ ನೋಡುವುದು ಬೈನಾಕ್ಯುಲರ್‌ನಲ್ಲಿ. ಸ್ಕೋಪಿನಲ್ಲಿ ನೋಡುವುದು ಹೊಡೆಯಬೇಕೆಂದು ನಿರ್ಧರಿಸಿದ ಮೇಲೆ ಮಾತ್ರ. "ಅಲ್ಲೇನೋ ಅಲ್ಲಾಡಿತು" ಅಂತ ಸ್ಕೋಪ್ ಎತ್ತಿದರೆ ನೀನು ತುಂಬಿದ ರೈಫಲನ್ನು ಒಬ್ಬ ಮನುಷ್ಯನ ಕಡೆ ತಿರುಗಿಸಿರಬಹುದು. ಈ ಒಂದು ವಿಷಯದಲ್ಲಿ ನನಗೆ ಯಾವ ಸಬೂಬೂ ಬೇಡ.

ರಟೋನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಮುಂದಿನ ವರ್ಷದ ಮಾತು ಅದು. ಅಲ್ಲಿನ ವಿಟಿಂಗ್‌ಟನ್ ಸೆಂಟರ್ ಎಂಬ ಗುಂಡು ಹೊಡೆಯುವ ರೇಂಜಿನಲ್ಲಿ 1123 ಗಜದಲ್ಲಿ ಒಂದು ಬಿಳಿ ಕಾಡೆಮ್ಮೆಯ ಗುರಿ ಇದೆ, ನೋಡಿದರೆ ಯಾರಿಗಾದರೂ ಕೈ ತುರಿಸುತ್ತದೆ. ಅಂಥ ಕಡೆ ನಿನ್ನ 5-25ಕ್ಕೆ ನಿಜವಾದ ಕೆಲಸ. ಫಸ್ಟ್ ಫೋಕಲ್ ಪ್ಲೇನ್, ಬದಿಯಲ್ಲಿ ಪ್ಯಾರಲಾಕ್ಸ್ ತಿರುಗಣೆ (ಕಣ್ಣು ಸರಿದರೂ ಗೆರೆ ಗುರಿಯ ಮೇಲೆ ಜಾರದಂತೆ ದೂರಕ್ಕೆ ಹೊಂದಿಸಲು), ಝೀರೋ ಸ್ಟಾಪ್ (ಟರೆಟ್ಟನ್ನು ಸೊನ್ನೆಯ ಹತ್ತಿರ ನಿಲ್ಲಿಸುವ ತಡೆ), ದಪ್ಪ ಟ್ಯೂಬ್, ಎಲ್ಲವೂ ಅಲ್ಲಿ ಬೇಕು. ರೆಟಿಕಲ್ ಮಿಲ್ ಎಂಬ ಕೋನದ ಅಳತೆಯಲ್ಲಿದ್ದರೆ ಟರೆಟ್ ಕೂಡ ಮಿಲ್‌ನಲ್ಲೇ ಇರಲಿ. ಒಂದು ಮಿಲ್ ಅಂದರೆ ನೂರು ಗಜದಲ್ಲಿ 3.6 ಇಂಚು. ನೂರು ಗಜಕ್ಕೆ ಸರಿ ಮಾಡಿಟ್ಟ .308 ರೈಫಲಿಗೆ ಸಾವಿರ ಗಜ ತಲುಪಲು ಹತ್ತು ಮಿಲ್ ಮೇಲೆಯೇ ಏರಿಸಬೇಕಾಗುತ್ತದೆ. ಅಷ್ಟು ತಿರುಗಿಸುವ ಟರೆಟ್ ಸುಳ್ಳು ಹೇಳಿದರೆ ಎಲ್ಲ ವ್ಯರ್ಥ. ಗಾಳಿ ಓದುವುದನ್ನು ಅಲ್ಲಿಯವರೆಗೆ ಸಣ್ಣ ತೋಟಾದ .22 ರಿಮ್‌ಫೈರ್ ರೈಫಲಿನಲ್ಲಿ ಕಲಿ. ಇನ್ನೂರು ಗಜಕ್ಕೇ ಅದು ಸಾಕಷ್ಟು ಅಳಿಸುತ್ತದೆ, ತೋಟಾ ಖರ್ಚೂ ಕಡಿಮೆ.

ಟರೆಟ್ ನಿಜ ಹೇಳುತ್ತದಾ ಎಂದು ನೋಡಲು ಒಂದು ಪರೀಕ್ಷೆ ಇದೆ, ಯಾವ ಸ್ಕೋಪ್ ಕೊಂಡರೂ ಮಾಡು. ರೇಂಜಿನಲ್ಲಿ ಟೇಪ್ ಹಿಡಿದು ಸರಿಯಾಗಿ ನೂರು ಗಜ ಅಳೆ. ನಾಲ್ಕಡಿ ಎತ್ತರದ ಹಲಗೆಗೆ ಕಾಗದ ಅಂಟಿಸಿ, ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆ. ಗೆರೆಯ ಬುಡದ ಚುಕ್ಕಿಗೆ ಮೂರು ಗುಂಡು. ಆಮೇಲೆ ಟರೆಟ್ಟನ್ನು ಹತ್ತು ಮಿಲ್ ಏರಿಸಿ ಅದೇ ಬುಡದ ಚುಕ್ಕಿಗೇ ಗುರಿಯಿಟ್ಟು ಇನ್ನು ಮೂರು. ಅವು 36 ಇಂಚು ಮೇಲೆ, ಗೆರೆಯ ಮೇಲೆಯೇ ಬಿದ್ದಿರಬೇಕು. 34 ಇಂಚಿಗೆ ಬಿದ್ದರೆ ಟರೆಟ್ ಮೋಸ. ಎತ್ತರ ಸರಿ ಇದ್ದು ಪಕ್ಕಕ್ಕೆ ಜಾರಿದ್ದರೆ ಸ್ಕೋಪನ್ನು ಓರೆಯಾಗಿ ಕೂರಿಸಿದ್ದೀಯ ಅಂತ. ಕೊನೆಗೆ ಸೊನ್ನೆಗೆ ತಂದು ಮತ್ತೆ ಮೂರು ಹೊಡೆ, ಮೊದಲಿನ ಜಾಗಕ್ಕೇ ಹೋಗಬೇಕು. ಬೇಟೆಯ ಸ್ಕೋಪಿನಲ್ಲಿ ಹತ್ತು ಮಿಲ್ ಇರದಿರಬಹುದು, ಇದ್ದಷ್ಟಕ್ಕೇ ಲೆಕ್ಕ ಹಾಕಿ ನೋಡು. ಅದರಲ್ಲಿ ನನಗೆ ಮುಖ್ಯ ಸೊನ್ನೆಗೆ ವಾಪಸ್ ಬರುವುದು.

ಸ್ಕೋಪಿನ ಮೇಲೆ ಆರೋಪ ಹೊರಿಸುವ ಮೊದಲು ಅದನ್ನು ರೈಫಲಿಗೆ ಹಿಡಿದಿಡುವ ರಿಂಗ್ ನೋಡು. ಕೆಟ್ಟುಹೋಗಿದೆ ಅಂತ ವಾಪಸ್ ಕಳಿಸುವ ಎಷ್ಟೋ ಸ್ಕೋಪ್‌ಗಳಲ್ಲಿ ಸಡಿಲವಾಗಿರುವುದು ಸ್ಕ್ರೂ. ರಿಂಗಿನ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್ ಹೇಳುತ್ತಾರೆ. ನಿನ್ನ ರಿಂಗಿನ ಚೀಟಿಯಲ್ಲಿ ಏನಿದೆಯೋ ಅಷ್ಟೇ ಬಿಗಿ ಮಾಡು. ಕೈಯಂದಾಜು ಬೇಡ, ಜಾಸ್ತಿ ಬಿಗಿದರೆ ಟ್ಯೂಬೇ ನಜ್ಜುಗುಜ್ಜಾಗುತ್ತದೆ.

ಇನ್ನೆರಡು ಕಾನೂನಿನ ಮಾತು. ನಿನಗೆ ಗ್ರೀನ್ ಕಾರ್ಡ್ ಇದೆ, ಚಿಂತೆಯಿಲ್ಲ. ಜೊತೆಗೆ ಬರುವ ನಿನ್ನ ಗೆಳೆಯ ಎಚ್‌1ಬಿ ವೀಸಾದಲ್ಲಿದ್ದಾನೆ ಅಂದೆಯಲ್ಲ. ಅಂಥವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಅವನು ಲೈಸೆನ್ಸ್ ತೆಗೆದುಕೊಂಡ ಮೇಲೆಯೇ ನಿನ್ನ ರೈಫಲ್ ಮುಟ್ಟಲಿ. ಎರಡನೆಯದು, ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಮಾವನಿಗೆ ಅಂತ ಸ್ಕೋಪ್ ಸೂಟ್‌ಕೇಸಿಗೆ ಹಾಕಿಕೊಳ್ಳಬೇಡ. ರೈಫಲ್ ಸ್ಕೋಪ್ ಅಮೆರಿಕದಿಂದ ಹೊರಗೆ ಒಯ್ಯಲು ರಫ್ತು ನಿಯಂತ್ರಣದ ನಿಯಮಗಳಿವೆ. ಮಾವನಿಗೆ ಚಾಕೊಲೇಟ್ ಸಾಕು.

ಅಂಗಡಿಗೆ ಸಂಜೆಯೇ ಹೋಗು. ಎರಡು ಮೂರು ಸ್ಕೋಪ್‌ಗಳನ್ನು ಬಾಗಿಲ ಹೊರಗೆ ತಂದು ನೋಡಲು ಬಿಡುತ್ತಾರಾ ಕೇಳು, ಬಿಡುವ ಅಂಗಡಿಗಳಿವೆ. ಎಲ್ಲವನ್ನೂ ಆರು ಪಟ್ಟಿಗೆ ಇಟ್ಟು ಎದುರಿನ ಮರದ ಬುಡದ ನೆರಳನ್ನೇ ನೋಡು, ಆಕಾಶ ನೋಡಬೇಡ. ಯಾವುದರಲ್ಲಿ ತೊಗಟೆಯ ಗೀರು ಕೊನೆಯವರೆಗೂ ಕಾಣುತ್ತದೋ ಅದನ್ನು ತಾ. ಶನಿವಾರ ಇಲ್ಲಿಗೆ ಬಂದರೆ ಕೂರಿಸಿ, ಭಾನುವಾರ ರೇಂಜಿಗೆ ಹೋಗೋಣ. ಟಾರ್ಕ್ ರೆಂಚ್ ನನ್ನ ಹತ್ತಿರ ಇದೆ, ನೀನು ಎರಡು ಡಬ್ಬಿ ತೋಟಾ ತಂದರೆ ಸಾಕು. ಚಿಕ್ಕಮ್ಮ ಅಕ್ಕಿರೊಟ್ಟಿ ಮಾಡುತ್ತಾಳಂತೆ.

ಇಂತಿ,
ನಿನ್ನ ಚಿಕ್ಕಪ್ಪ