ಬದುಕಿರುವ ಕೋಶ ನೋಡಲು ಗಾಜಿನ ಕೊಳವೆ ಸಾಕು

ಮಾನ್ಯರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಸೂಕ್ಷ್ಮದರ್ಶಕಗಳ ಬಗ್ಗೆ ಬಂದ ಲೇಖನ ಓದಿದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕೋಶಗಳು 'ಬದುಕಿದ್ದಂತೆಯೇ' ಕಾಣುತ್ತವೆ ಎಂದು ಬರೆದಿದ್ದೀರಿ. ಸಾಮಾನ್ಯವಾಗಿ ಅದರೊಳಗೆ ನಿರ್ವಾತ ಇರುತ್ತದೆ. ಹಾಗಾಗಿ ಕೋಶವನ್ನು ಒಣಗಿಸಿಯೋ ಹೆಪ್ಪುಗಟ್ಟಿಸಿಯೋ ಇಡಬೇಕು. ಚಿತ್ರ ಸೊಗಸಾಗಿ ಬರುತ್ತದೆ, ಕೋಶ ಸತ್ತಿರುತ್ತದೆ.

ಬದುಕಿರುವಾಗಲೇ ನೋಡುವ ದಾರಿಯನ್ನು ಲೇಖನ ಬಿಟ್ಟೇಬಿಟ್ಟಿದೆ. ಅದು ನಮ್ಮ ರಸಾಯನಶಾಸ್ತ್ರದ್ದು ಎಂಬ ಕಾರಣಕ್ಕೆ ಸ್ವಲ್ಪ ಜಾಸ್ತಿಯೇ ಬೇಜಾರಾಯಿತು.

ಹೆಸರು ಉದ್ದ: ಸ್ಕ್ಯಾನಿಂಗ್ ಅಯಾನ್ ಕಂಡಕ್ಟೆನ್ಸ್ ಮೈಕ್ರೋಸ್ಕೋಪ್. ಅಯಾನು ಅಂದರೆ ವಿದ್ಯುದಾವೇಶ ಹೊತ್ತ ಕಣ, ಕಂಡಕ್ಟೆನ್ಸ್ ಅಂದರೆ ವಾಹಕತೆ. 1989ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಪಾಲ್ ಹ್ಯಾನ್ಸ್‌ಮಾ ತಂಡ ಮಾಡಿದ್ದು. ಗಾಜಿನ ಕೊಳವೆಯನ್ನು ಕಾಯಿಸಿ ಎಳೆದು, ತುದಿಯ ತೂತನ್ನು 100 ನ್ಯಾನೋಮೀಟರಿನಷ್ಟು ಸಣ್ಣ ಮಾಡುತ್ತಾರೆ. ಒಳಗೆ ಉಪ್ಪಿನ ದ್ರಾವಣ, ಒಂದು ಬೆಳ್ಳಿ ತಂತಿ. ಕೋಶ ಇರುವ ದ್ರಾವಣದಲ್ಲಿ ಇನ್ನೊಂದು ತಂತಿ. ವೋಲ್ಟೇಜ್ ಕೊಟ್ಟರೆ ಆ ತೂತಿನ ಮೂಲಕ ಅಯಾನುಗಳು ಹರಿಯುತ್ತವೆ. ಹೋಸ್ ಪೈಪಿನ ಬಾಯನ್ನು ನೆಲಕ್ಕೆ ಒತ್ತುತ್ತಾ ಬಂದರೆ ನೀರು ಕಡಿಮೆಯಾಗುತ್ತದಲ್ವಾ, ಹಾಗೆ ತುದಿ ಕೋಶದ ಹತ್ತಿರ ಬಂದಾಗ ಕರೆಂಟ್ ಇಳಿಯುತ್ತದೆ. ಮುಟ್ಟುವ ಮೊದಲೇ ನಿಲ್ಲಿಸಿ ಎತ್ತರ ಬರೆದುಕೊಳ್ಳುತ್ತಾರೆ. ಹೀಗೆ ಒಂದೊಂದೇ ಬಿಂದು ಸೇರಿಸಿದರೆ ಕೋಶದ ಮೇಲ್ಮೈಯ ನಕ್ಷೆ. ಮೊದಮೊದಲು ತುದಿ ಅಡ್ಡಡ್ಡ ಚಲಿಸುತ್ತಿತ್ತು, ಎತ್ತರದ ಕೋಶಗಳಿಗೆ ಡಿಕ್ಕಿ ಹೊಡೆಯುತ್ತಿತ್ತು. 2009ರಲ್ಲಿ ಲಂಡನ್ನಿನ ಯೂರಿ ಕೊರ್ಚೆವ್ ತಂಡ ಪ್ರತಿ ಬಿಂದುವಿನಲ್ಲೂ ಅದನ್ನು ಮೇಲೆತ್ತಿ, ಆಚೆ ಸರಿಸಿ, ಮತ್ತೆ ಇಳಿಸುವ ವಿಧಾನ ತಂದಿತು. ಕಿವಿಯೊಳಗಿನ ಶ್ರವಣಕೋಶಗಳ ನವಿರಾದ ರೋಮಗಳೂ ಕಂಡವು. ನಿಧಾನ, ನಿಜ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕಾಗುತ್ತದೆ.

ಇದರ ಅಣ್ಣನೋ ತಮ್ಮನೋ ಅನ್ನಬಹುದಾದ ಯಂತ್ರ ಟೆಕ್ಸಾಸ್‌ನ ಅಲೆನ್ ಬಾರ್ಡ್ ಅವರದು. ಅದೂ 1989ರದೇ. ಅದು ಕೋಶದ ಹತ್ತಿರ ನಡೆಯುವ ರಾಸಾಯನಿಕ ಕ್ರಿಯೆಯನ್ನೇ ಅಳೆಯುತ್ತದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಹಸುವಿನ ಭ್ರೂಣ ಎಷ್ಟು ಆಕ್ಸಿಜನ್ ಬಳಸುತ್ತದೆ ಎಂದು ಅದರಿಂದ ಅಳೆದರು. ಮನೆಯಲ್ಲಿ ಹಸು ಸಾಕಿರುವ ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿದ್ದರೆ ಕಿವಿ ನೆಟ್ಟಗಾಗುತ್ತಿತ್ತು.

ಆದರೆ ಹೇಳಲು ಪುರುಸೊತ್ತೆಲ್ಲಿ? ದ್ವಿತೀಯ ಪಿಯುಸಿಯ ಎಲೆಕ್ಟ್ರೋಕೆಮಿಸ್ಟ್ರಿ ಅಂದರೆ ನರ್ನ್‌ಸ್ಟ್ ಸಮೀಕರಣ, ಕೋಲ್ರಾಶ್ ನಿಯಮ, ಲೆಕ್ಕದ ಮೇಲೆ ಲೆಕ್ಕ. ವಾಹಕತೆ ಯಾಕೆ ಅಳೆಯಬೇಕು ಮೇಡಂ ಎಂದು ಮಕ್ಕಳು ಕೇಳಿದರೆ ಬ್ಯಾಟರಿ, ತುಕ್ಕು ಎಂದು ಹೇಳಿ ಮುಗಿಸುತ್ತೇವೆ. ಪಠ್ಯಪುಸ್ತಕ ಮಾಡುವವರು ಈ ಕೊಳವೆಗೆ ಅರ್ಧ ಪುಟ ಕೊಡಲಿ. ನೀವೂ ಇದರ ಮೇಲೊಂದು ಲೇಖನ ಹಾಕಿ. ಪ್ರತಿ ಚಿತ್ರದ ಕೆಳಗೆ ಅದನ್ನು ಯಾವ ಯಂತ್ರದಲ್ಲಿ ತೆಗೆದದ್ದು ಎಂದು ಬರೆದರೆ ಕತ್ತರಿಸಿ ತರಗತಿಗೆ ಒಯ್ಯುತ್ತೇನೆ.

— ರಸಾಯನಶಾಸ್ತ್ರ ಉಪನ್ಯಾಸಕಿ, ಹಾಸನ ಜಿಲ್ಲೆ