ಮೇ ತಿಂಗಳಲ್ಲಿ ವಾಡೆ ಮುಚ್ಚುತ್ತೇವೆ: ನಮ್ಮ ಅತಿಥಿಗಳಿಗೆ ಒಂದು ಪತ್ರ

ವಾಡೆಗೆ ಬಂದುಹೋದ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ, ಹಿರಿಯರಿಗೆ ಶರಣು.

ಸುದ್ದಿ ಆಗಲೇ ಅರ್ಧಂಬರ್ಧ ನಿಮ್ಮನ್ನು ಮುಟ್ಟಿದೆ. ಹಾಗಾಗಿ ಸುತ್ತಿಬಳಸದೆ ಹೇಳಿಬಿಡುತ್ತೇವೆ. ವಾಡೆ ಎಂದರೆ ಅತಿಥಿಗಳಿಗೆ ಕೋಣೆ ಕೊಡುವ ನಮ್ಮ ಹಳೆಯ ಕಲ್ಲಿನ ಮನೆ. ಅದರ ಮಾಳಿಗೆಗೆ, ಅಂದರೆ ಮಣ್ಣಿನ ಚಾವಣಿಗೆ, ಹೊಸ ಮಣ್ಣು ಹಾಕುವ ಕೆಲಸಕ್ಕಾಗಿ ಈ ವರ್ಷದಿಂದ ಮೇ 1ರಿಂದ ಜೂನ್ 10ರವರೆಗೆ ಯಾರಿಗೂ ಕೋಣೆ ಕೊಡುವುದಿಲ್ಲ. ಜೂನ್ 11ರಿಂದ ಕೋಣೆಯ ಬಾಡಿಗೆ ರಾತ್ರಿಗೆ 2,800 ರೂಪಾಯಿ ಇದ್ದದ್ದು 3,400 ಆಗುತ್ತದೆ. ಊಟದ ದರ ಇದ್ದಷ್ಟೇ.

"ಮಕ್ಕಳಿಗೆ ಸೂಟಿ ಆಗ, ಮಾಳಿಗೆ ಮೇಲೆ ಮಲಗೋ ಹೊತ್ತೂ ಆಗ. ಸರಿಯಾಗಿ ಅವಾಗ್ಲೇ ಬಾಗಿಲಾ ಹಾಕ್ತೀರಲ್ರೀ" ಎಂದು ಧಾರವಾಡದ ಅಕ್ಕನವರೊಬ್ಬರು ಫೋನಿನಲ್ಲೇ ಬೇಸರ ಮಾಡಿಕೊಂಡರು. ಅವರ ಮಾತಿನಲ್ಲಿ ತಪ್ಪಿಲ್ಲ. ಬೆಂಗಳೂರು, ಪುಣೆಯಿಂದ ಪ್ರತಿ ವರ್ಷ ಅದೇ ವಾರಕ್ಕೆ ಬರುವ ಕುಟುಂಬಗಳಿವೆ. ಅವರ ಮಕ್ಕಳ ಎತ್ತರವನ್ನು ಪಡಸಾಲೆಯ ಕಂಬಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿದವರು ನಾವೇ. ನಿಮಗೆ ತೊಂದರೆ ಆಗುತ್ತದೆ ಅನ್ನುವುದು ಗೊತ್ತಿದೆ, ಕ್ಷಮೆ ಇರಲಿ. ಆದರೆ ಮಾಳಿಗೆಯ ಕೆಲಸಕ್ಕೆ ವರ್ಷದಲ್ಲಿ ಇರುವುದೇ ಅದೊಂದು ಹೊತ್ತು. ಜೂನ್‌ನ ಮಿರಗದ (ಮೃಗಶಿರಾ) ಮಳೆ ಕೂಡುವುದರೊಳಗೆ ಮಣ್ಣು ಕೂತು, ಒಣಗಿ, ಬಿಗಿಯಾಗಿರಬೇಕು. ಚಳಿಗಾಲದಲ್ಲಿ ಮಾಡಿದರೆ ಬೇಸಿಗೆಯ ಬಿಸಿಲಿಗೆ ಬಿರುಕು ಬಿಡುತ್ತದೆ, ಮೊದಲ ಮಳೆಗೇ ಸೋರುತ್ತದೆ.

ಇಷ್ಟು ವರ್ಷ ಒಂದು ಕಡೆ ಅತಿಥಿಗಳು, ಇನ್ನೊಂದು ಕಡೆ ಕೆಲಸ ಅಂತ ತಳ್ಳಿಕೊಂಡು ಬಂದೆವು. ಮೇಲೆ ಮಣ್ಣು ಗಟ್ಟಿ ಮಾಡಲು ದಿಮ್ಮಸು ಬಡಿದರೆ ಕೆಳಗೆ ಜಂತಿಯ ಸಂದಿಯಿಂದ ಮಣ್ಣು ಉದುರುತ್ತದೆ. ಹಾಸಿಗೆ ಮೇಲೆ ಉದುರಿತು, ಒಮ್ಮೆ ಮಜ್ಜಿಗೆಗೂ ಬಿತ್ತು. ಅದರ ಫೋಟೊ ತೆಗೆದು ಆನ್‌ಲೈನಿನಲ್ಲಿ ಒಂದೇ ನಕ್ಷತ್ರ ಕೊಟ್ಟವರೂ ಇದ್ದಾರೆ. ಇರಲಿ.

ಈಗ ಎಲ್ಲರೂ ಕೇಳುವ ಆ ಮಾತಿಗೆ ಬರೋಣ. "ಪ್ರತಿ ವರ್ಷ ಈ ಒದ್ದಾಟ ಯಾಕೆ? ಒಂದು ಸಲ ಮಣ್ಣು ತೆಗೆಸಿ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿ, ಕೋಣೆಗೊಂದು ಎಸಿ ಕೂರಿಸಿಬಿಡಿ. ಮುಚ್ಚುವುದೂ ಬೇಡ, ದರ ಏರಿಸುವುದೂ ಬೇಡ." ಹೀಗೆ ಹೇಳುವ ಪ್ರತಿಯೊಬ್ಬರ ಮನೆಯಲ್ಲೂ ಒಬ್ಬ ಸಿವಿಲ್ ಎಂಜಿನಿಯರ್ ಅಳಿಯ ಇದ್ದೇ ಇರುತ್ತಾನೆ. ಅಳಿಯಂದಿರ ಮೇಲೆ ಗೌರವ ಇಟ್ಟುಕೊಂಡೇ ಉತ್ತರ ಕೊಡುತ್ತೇವೆ.

ವಾಡೆಯ ಗೋಡೆ ಹೊರಗಿನಿಂದ ಒಂದೇ ಕಲ್ಲಿನ ಹಾಗೆ ಕಂಡರೂ ಅದು ಎರಡು ಗೋಡೆ. ಹೊರಮೈಗೆ ಒಂದು, ಒಳಮೈಗೆ ಒಂದು ಕಲ್ಲಿನ ಸಾಲು; ನಡುವೆ ಚೂರುಗಲ್ಲು, ಮಣ್ಣು. ಮಾಳಿಗೆಯ ಭಾರ ಬಹುಪಾಲು ಕೂತಿರುವುದು ಗೋಡೆಯ ಮೇಲಲ್ಲ, ಸಾಗವಾನಿ ಕಂಬಗಳ ಮೇಲೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಬೇವಿನ ಸೊಪ್ಪು, ಆಮೇಲೆ ಒಂದು ಅಡಿಗೂ ಮಿಕ್ಕಿ ಮಣ್ಣು. ಈ ಮರದ ಮೇಲೆ ಕಾಂಕ್ರೀಟ್ ನಿಲ್ಲುವುದಿಲ್ಲ. ಸ್ಲ್ಯಾಬ್ ಬೇಕೆಂದರೆ ಕಂಬ, ತೊಲೆ, ಬೆಳಕಿಂಡಿ ಎಲ್ಲ ಕಿತ್ತು, ಗೋಡೆಯ ತಲೆಗೆ ಕಾಂಕ್ರೀಟಿನ ಬೆಡ್ ಹಾಕಿ, ಸಿಮೆಂಟ್ ಸುರಿಯಬೇಕು. ಆಮೇಲೆ ಉಳಿಯುವುದು ನಾಲ್ಕು ಗೋಡೆ. ನೀವು ದೂರದಿಂದ ಬರುವುದು ಆ ನಾಲ್ಕು ಗೋಡೆ ನೋಡಲಿಕ್ಕಾ?

ಸೆಕೆಯ ವಿಷಯ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವುದು ಹೊಸದಲ್ಲ. ಬರೀ ಸ್ಲ್ಯಾಬಿನ ಕೆಳಗೆ ಮಧ್ಯಾಹ್ನ ಕೂತವರಿಗೆ ಅದು ಏನೆಂದು ಗೊತ್ತು. ಮಣ್ಣಿನ ಮಾಳಿಗೆ ಬಿಸಿಲನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ, ದಪ್ಪ ಗೋಡೆಯೂ ಹಾಗೇ. ಹಾಗೆಂದು ಸುಳ್ಳು ಹೇಳುವುದಿಲ್ಲ: ಹಗಲು ಹೀರಿದ ಬಿಸಿಯನ್ನು ಕಲ್ಲು ರಾತ್ರಿ ವಾಪಸ್ ಕೊಡುತ್ತದೆ. ಅದಕ್ಕೇ ನಮ್ಮ ಕಡೆ ಜನ ಬೇಸಿಗೆಯಲ್ಲಿ ಮಾಳಿಗೆ ಹತ್ತಿ ಮಲಗುವುದು.

ಇನ್ನು ಸಿಮೆಂಟ್. ಬಾದಾಮಿ ಸೀಮೆಯ ಕಲ್ಲು ಮರಳುಗಲ್ಲು, ನೀರು ಕುಡಿಯುತ್ತದೆ, ಉಸಿರೂ ಬಿಡುತ್ತದೆ. ಸಂದಿಗೆ ಮಣ್ಣು, ಸುಣ್ಣದ ಗಚ್ಚು ಇದ್ದರೆ ಹಸಿ ಅಲ್ಲಿಂದ ಆರಿಹೋಗುತ್ತದೆ. ಸಂದಿಗೆ ಸಿಮೆಂಟ್ ಮೆತ್ತಿದರೆ ಹಸಿ ಹೊರಹೋಗಲು ಕಲ್ಲಿನ ಮೈಯನ್ನೇ ಹಿಡಿಯುತ್ತದೆ. ಕೆಲ ವರ್ಷಕ್ಕೆ ಕಲ್ಲಿನ ಮುಖ ಹಪ್ಪಳದ ಹಾಗೆ ಪದರ ಬಿಟ್ಟು ಉದುರುತ್ತದೆ, ಸಿಮೆಂಟಿನ ಗೆರೆ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ನಮ್ಮ ಓಣಿಯಲ್ಲೇ ಅಂಥ ಎರಡು ಮನೆಗಳಿವೆ. ಬಂದಾಗ ಕೇಳಿ, ಕರೆದುಕೊಂಡು ಹೋಗಿ ತೋರಿಸುತ್ತೇವೆ.

ಈಜುಕೊಳ, ಮೇಲೊಂದು ಮಹಡಿ ಕೇಳುವವರಿಗೆ ಚಿಕ್ಕ ಉತ್ತರ ಸಾಕು. ಊರಿನ ಗುಡಿ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಅದರ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ವಾಡೆ ಇರುವುದು ಆ ನಿರ್ಬಂಧದ ಜಾಗದೊಳಗೆ. ಗುಡಿಯ ಮಗ್ಗುಲಲ್ಲಿ ಇರುವ ಸುಖವೂ ಅದೇ, ಕಷ್ಟವೂ ಅದೇ.

ಇನ್ನು ರೊಕ್ಕದ ಮಾತು. "ಅಜ್ಜ ಕಟ್ಟಿದ ಮನೆ, ಮಣ್ಣಿಗೇನು ಖರ್ಚು?" ಅನ್ನುತ್ತಾರೆ. ಮಣ್ಣೆಂದರೆ ಹೊಲದ ಎರೆಮಣ್ಣು ಅಲ್ಲವಲ್ಲ. ಮೇಲ್ಪದರಕ್ಕೆ ಸವಳು (ಕ್ಷಾರದ) ಮಣ್ಣೇ ಬೇಕು, ಅದು ಎಲ್ಲ ಕಡೆ ಸಿಗುವುದಿಲ್ಲ. ಟ್ರ್ಯಾಕ್ಟರ್ ಬಂದ ಕೂಡಲೇ ನಮ್ಮ ಹಿರಿಯ ಗೌಂಡಿ ಒಂದು ಹಿಡಿ ಮಣ್ಣು ನಾದಿ, ಅಂಗೈಯಲ್ಲೇ ಬಟ್ಟಲು ಮಾಡಿ ನೀರು ಹಾಕುತ್ತಾನೆ. ನೀರು ನಿಂತರೆ ಇಳಿಸಿಕೊಳ್ಳುತ್ತಾನೆ, ಇಂಗಿದರೆ ಟ್ರ್ಯಾಕ್ಟರ್ ಹಾಗೇ ವಾಪಸ್. ಡೀಸೆಲ್ ಖರ್ಚು ನಮ್ಮದು. ಹೊಸ ಮಣ್ಣು ಹಾಕುವ ಮುಂಚೆ ಹಳೆಯದನ್ನು ಕೆರೆಯಬೇಕು. ಕೆರೆಯದೆ ವರ್ಷ ವರ್ಷ ಮೇಲೆ ಮೇಲೆ ಸುರಿದರೆ ಭಾರಕ್ಕೆ ತೊಲೆ ಬಾಗುತ್ತದೆ. ಕೆರೆದದ್ದನ್ನು ಬುಟ್ಟಿಯಲ್ಲಿ ತಲೆ ಮೇಲೆ ಹೊತ್ತು ಇಳಿಸುವವರು ಬೇಕು. ಈ ಕೆಲಸ ಬಲ್ಲವರಲ್ಲಿ ಅರ್ಧಕ್ಕರ್ಧ ಜನ ಗೋವಾ, ಮಂಗಳೂರಿಗೆ ದುಡಿಯಲು ಹೋಗಿದ್ದಾರೆ. ಅಲ್ಲಿನ ಪಗಾರ ಕೊಡದೆ ಅವರನ್ನು ಇಲ್ಲಿಗೆ ಕರೆಯುವುದು ಯಾವ ನ್ಯಾಯ? ಏರಿಸಿದ 600 ರೂಪಾಯಿ ಹೋಗುವುದು ಬಹುತೇಕ ಅಲ್ಲಿಗೇ.

"ಜಿಎಸ್‌ಟಿ ಇಳಿಯಿತಲ್ಲ, ನೀವು ಯಾಕೆ ಏರಿಸುತ್ತೀರಿ?" ಇದು ನಮಗೆ ನಿಜಕ್ಕೂ ನೋವು ಕೊಟ್ಟ ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅಂದಿನಿಂದಲೇ ನಿಮ್ಮ ಬಿಲ್ಲಿನಲ್ಲೂ ಇಳಿಸಿದ್ದೇವೆ, ತೆಗೆದು ನೋಡಿ. ಆ ತೆರಿಗೆ ಯಾವತ್ತೂ ನಮ್ಮ ಗಲ್ಲಾಪೆಟ್ಟಿಗೆಯದಲ್ಲ, ಸರಕಾರದ್ದು. ಆದರೆ ಮೊದಲು ನಾವು ಕೊಂಡ ಸಾಮಾನಿಗೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳಲು ಬರುತ್ತಿತ್ತು. ಶೇ 5ರ ಲೆಕ್ಕದಲ್ಲಿ ಅದು ಇಲ್ಲ. ಅದೇ ದಿನ ಸಿಮೆಂಟಿನ ತೆರಿಗೆಯೂ ಶೇ 28ರಿಂದ 18ಕ್ಕೆ ಇಳಿಯಿತು. ಸಿಮೆಂಟೇ ಬೇಡ ಅನ್ನುವ ನಮ್ಮಂಥವರಿಗೆ ಅದರಿಂದ ಏನು ಬಂತು!

ಇನ್ನೊಂದು ಮಾತು ಹೇಳದೆ ಇರಲಾಗದು. ಹಳೆ ಕಂಬ, ಬಾಗಿಲು ಕೊಳ್ಳುವ ವ್ಯಾಪಾರಿಗಳು ವರ್ಷಕ್ಕೊಮ್ಮೆಯಾದರೂ ಬಂದು ನಮ್ಮ ತಲೆಬಾಗಿಲನ್ನು ಅಳೆದು ಹೋಗುತ್ತಾರೆ. ಅವರು ಹೇಳುವ ಬೆಲೆಗೆ ಒಂದು ಬಾಗಿಲು ಕೊಟ್ಟರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭಾ ಹೊಳೆಯ ನೆರೆ ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿದ ಆ ಕಷ್ಟದ ಹೊತ್ತಿನಲ್ಲೂ ನಾವು ಮಾರಲಿಲ್ಲ, ಈಗಲೂ ಮಾರುವುದಿಲ್ಲ.

ಮೇ ತಿಂಗಳಿಗೆ ಆಗಲೇ ಮುಂಗಡ ಕೊಟ್ಟವರು ಗಾಬರಿ ಆಗಬೇಡಿ. ಪೂರ್ತಿ ರೊಕ್ಕ ವಾಪಸ್ ಬೇಕೆಂದರೆ ವಾಪಸ್ ಕೊಡುತ್ತೇವೆ. ಬೇರೆ ದಿನ ಬೇಕೆಂದರೆ ಬರುವ ಮಾರ್ಚ್‌ವರೆಗೆ ಯಾವಾಗಲಾದರೂ ಹಳೆ ದರದಲ್ಲೇ ಬನ್ನಿ. ಮಾಳಿಗೆ ಮೇಲೆ ಮಲಗಲೇಬೇಕು ಅನ್ನುವ ಮಕ್ಕಳಿಗೆ ಮಾರ್ಚ್ ಕೊನೆಯ ವಾರ ಒಳ್ಳೆಯದು, ಕೌದಿ ಎರಡು ಹೆಚ್ಚಿಗೆ ಇಟ್ಟಿರುತ್ತೇವೆ. ಬನದ ಹುಣ್ಣಿಮೆಗೆ (ಪುಷ್ಯ ಮಾಸದ ಹುಣ್ಣಿಮೆ) ಬನಶಂಕರಿ ಜಾತ್ರೆಗೆ ಬರುವವರು ಮಾತ್ರ ಬೇಗ ತಿಳಿಸಿ, ಆಗ ಕೋಣೆ ಸಿಗುವುದು ಕಷ್ಟ. ಮೊಣಕಾಲು ನೋವಿನ ಹಿರಿಯರಿದ್ದರೆ ಪಡಸಾಲೆ ಪಕ್ಕದ ಕೋಣೆಯನ್ನು ಅವರಿಗೇ ಹಿಡಿದಿಡುತ್ತೇವೆ. ಅದಕ್ಕೆ ಹೊಸ್ತಿಲು ಬಿಟ್ಟರೆ ಮೆಟ್ಟಿಲಿಲ್ಲ. ರೊಟ್ಟಿ ಬಡಿಯುವ ಅಕ್ಕಂದಿರು ಅವರೇ, ಎಣ್ಣೆಗಾಯಿಯೂ ಅದೇ.

ಕೆಲಸ ನಡೆಯುವಾಗ ನೋಡಬೇಕು ಅನ್ನುವವರು ಹಗಲು ಹೊತ್ತು ಧಾರಾಳವಾಗಿ ಬನ್ನಿ. ಬಿಳಿ ಅಂಗಿ ಬೇಡ. ಫೋನ್ ಮಾಡುವುದಾದರೆ ಸಂಜೆ 5ರ ಮೇಲೆ ಮಾಡಿ, ಅಲ್ಲಿಯವರೆಗೆ ನಾವು ಮೇಲೆ ಇರುತ್ತೇವೆ, ದಿಮ್ಮಸಿನ ಸದ್ದಿಗೆ ಗಂಟೆ ಕೇಳಿಸುವುದಿಲ್ಲ.

ಇಂತಿ ನಿಮ್ಮ,
ವಾಡೆಯ ಮನೆಯವರು